ರೋಗಿಯ ಮಂಚದ ಪಕ್ಕದಲ್ಲೇ ಕ್ಲಾಸು

ಬಾಗಲಕೋಟೆ ನವನಗರದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನಲ್ಲಿ ಓದುವ ಗೆಳೆಯರಿದ್ದರೆ ಕೇಳಿ ನೋಡಿ, 'ಕೇಸ್ ಪ್ರೆಸೆಂಟೇಷನ್' ಎಂದರೆ ಏನೆಂದು ಹೇಳುತ್ತಾರೆ. ಹುನಗುಂದದಿಂದಲೋ ಇಳಕಲ್ಲಿನಿಂದಲೋ ಬಂದ ರೋಗಿಯನ್ನು ಮಾತಾಡಿಸಿ, ಪರೀಕ್ಷಿಸಿ, ಸರ್ ಮುಂದೆ ಎಲ್ಲವನ್ನೂ ಒಪ್ಪಿಸಬೇಕು. ಆಮೇಲೆ ಪ್ರಶ್ನೆಗಳ ಸುರಿಮಳೆ. ಈ ಪದ್ಧತಿಯನ್ನು ಗಟ್ಟಿಯಾಗಿ ಬೇರೂರಿಸಿದವರಲ್ಲಿ ಮುಖ್ಯರು ವಿಲಿಯಂ ಆಸ್ಲರ್.

1849ರಲ್ಲಿ ಕೆನಡಾದಲ್ಲಿ ಹುಟ್ಟಿದರು. ತಂದೆ ಪಾದ್ರಿ. ಮಗನೂ ಪಾದ್ರಿಯಾಗಲು ಹೊರಟು, ಮನಸ್ಸು ಬದಲಿಸಿ, 1872ರಲ್ಲಿ ಮೆಕ್‌ಗಿಲ್‌ನಿಂದ ವೈದ್ಯರಾಗಿ ಹೊರಬಂದರು. ಮಾಂಟ್ರಿಯಲ್‌ನಲ್ಲಿ ನೂರಾರು ಶವಪರೀಕ್ಷೆ ಮಾಡಿದರು. ಊಹಿಸಿದ ಕಾಯಿಲೆ ನಿಜವಿತ್ತೇ ಎಂದು ತಾಳೆ ನೋಡುವ ಚಟ ಅಲ್ಲೇ ಹತ್ತಿರಬೇಕು.

1889ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಸೇರಿದರು. ಆಗ ಅಮೆರಿಕದಲ್ಲಿ ಎಷ್ಟೋ ಜನ ಬರೀ ಉಪನ್ಯಾಸ ಕೇಳಿಯೇ ಡಾಕ್ಟರಾಗುತ್ತಿದ್ದರು! ಆಸ್ಲರ್ ವಿದ್ಯಾರ್ಥಿಗಳನ್ನು ವಾರ್ಡಿಗೇ ಇಳಿಸಿದರು. ಪ್ರತಿಯೊಬ್ಬರ ಪಾಲಿಗೂ ಕೆಲವು ರೋಗಿಗಳು. ಕಾಯಿಲೆಯ ಹಿನ್ನೆಲೆ ಬರೆದುಕೊಳ್ಳುವುದು, ರಕ್ತ, ಮೂತ್ರ ಪರೀಕ್ಷಿಸುವುದು, ರೌಂಡ್ಸ್‌ನಲ್ಲಿ ವಿವರಿಸುವುದು ಅವರದೇ ಕೆಲಸ. ಶನಿವಾರ ಸಂಜೆ ಮನೆಗೆ ಕರೆದು ವಾರದ ಕೇಸುಗಳನ್ನು ಚರ್ಚಿಸುತ್ತಿದ್ದರು. ತಮ್ಮ ತಪ್ಪು ನಿರ್ಣಯಗಳನ್ನೂ ಹುಡುಗರ ಮುಂದೆ ಮುಚ್ಚಿಡುತ್ತಿರಲಿಲ್ಲ. ನನಗೆ ಅವರ ಪ್ರಸಿದ್ಧ ಪಠ್ಯಪುಸ್ತಕಕ್ಕಿಂತ (1892) ಈ ಗುಣವೇ ದೊಡ್ಡದೆನಿಸುತ್ತದೆ.

1905ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು. 1917ರಲ್ಲಿ ಮಗ ರೆವೆರ್ ಯುದ್ಧದಲ್ಲಿ ತೀರಿಕೊಂಡ. ಎರಡು ವರ್ಷದ ನಂತರ ಆಸ್ಲರ್‌ಗೇ ಎದೆಯ ಸೋಂಕು. ಹಾಸಿಗೆಯಲ್ಲಿ ಮಲಗಿಯೇ ತಮ್ಮ ಕಾಯಿಲೆಯ ಏರಿಳಿತವನ್ನು ಗಮನಿಸುತ್ತಿದ್ದರು. 1919ರ ಡಿಸೆಂಬರ್ 29ರಂದು ಕೊನೆಯುಸಿರೆಳೆದರು. ಅವರ ದೇಹಕ್ಕೂ ಶವಪರೀಕ್ಷೆ ನಡೆಯಿತು.