13 ವರ್ಷ ಬಿಯರ್ ಮಾರದೇ ಬಿಯರ್ ಕಂಪನಿ ಉಳಿಸಿದ ಆಗಸ್ಟ್ ಬುಷ್

ಬಡ್‌ವೈಸರ್ ಹೆಸರು ಕೇಳದವರು ಕಡಿಮೆ. ಆದ್ರೆ ಈ ಬಿಯರ್ ತಯಾರಿಸೋ ಅಮೆರಿಕದ ಕಂಪನಿ ಒಮ್ಮೆ 13 ವರ್ಷ ಮದ್ಯದಂಶ ಇರುವ ಬಿಯರನ್ನೇ ಮಾರುವಂತಿರಲಿಲ್ಲ. ಆಗ ಅದನ್ನು ಮುಳುಗದಂತೆ ಹಿಡಿದು ನಿಲ್ಲಿಸಿದವರು ಆಗಸ್ಟ್ ಎ. ಬುಷ್.

1865ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದ ಆಗಸ್ಟ್, ಜರ್ಮನಿಯಿಂದ ವಲಸೆ ಬಂದ ಅಡಾಲ್ಫಸ್ ಬುಷ್ ಅವರ ಮಗ. 1913ರಲ್ಲಿ ಅಪ್ಪ ತೀರಿಕೊಂಡಾಗ ಆನ್‌ಹೈಸರ್-ಬುಷ್ ಕಂಪನಿ ಇವರ ಹೆಗಲಿಗೆ ಬಿತ್ತು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯ್ತು. ಅಮೆರಿಕ ಯುದ್ಧಕ್ಕೆ ಇಳಿದ ಮೇಲಂತೂ ಜರ್ಮನ್ ಮೂಲದವರನ್ನು ಜನ ಅನುಮಾನದಿಂದ ನೋಡೋಕೆ ಶುರು ಮಾಡಿದ್ರು. ಜರ್ಮನಿಯಲ್ಲೇ ಉಳಿದಿದ್ದ ತಾಯಿ ಲಿಲ್ಲಿ 1918ರಲ್ಲಿ ವಾಪಸ್ ಬಂದಾಗ ಅಧಿಕಾರಿಗಳು ಅವರನ್ನೂ ತಪಾಸಣೆ ಮಾಡದೆ ಬಿಡಲಿಲ್ಲ.

ದೊಡ್ಡ ಏಟು ಬಿದ್ದದ್ದು 1920ರ ಜನವರಿಯಲ್ಲಿ. ದೇಶದಾದ್ಯಂತ ಪಾನನಿಷೇಧ ಜಾರಿಯಾಯ್ತು. ನೂರಾರು ಬ್ರೂವರಿಗಳು ಬಾಗಿಲು ಹಾಕಿದವು. ಆಗಸ್ಟ್ ಹಾಕಲಿಲ್ಲ. ಮದ್ಯವಿಲ್ಲದ ಬೀವೋ ಅನ್ನೋ ಪಾನೀಯವನ್ನ 1916ರಲ್ಲೇ ಮಾರುಕಟ್ಟೆಗೆ ಬಿಟ್ಟಿದ್ರು. ಮೊದಮೊದಲು ಚೆನ್ನಾಗಿ ಹೋಯ್ತು, ಆಮೇಲೆ ಕೇಳೋರಿಲ್ಲ. ಹಾಗಂತ ಕೈಕಟ್ಟಿ ಕೂರಲಿಲ್ಲ. ಐಸ್‌ಕ್ರೀಂ, ಮಾಲ್ಟ್ ಸಿರಪ್, ಲಾರಿಗಳ ಬಾಡಿ ಅಂತ ಒಂದೊಂದೇ ಕೈಗೆತ್ತಿಕೊಂಡ್ರು. ಬೇಕರಿಗೆ ಬೇಕಾದ ಈಸ್ಟ್ ಕೈ ಹಿಡಿಯಿತು. ಮಾಲ್ಟ್ ಸಿರಪ್ ಕೊಂಡವರಲ್ಲಿ ಎಷ್ಟೋ ಜನ ಮನೆಯಲ್ಲೇ ಕದ್ದುಮುಚ್ಚಿ ಬಿಯರ್ ಮಾಡಿಕೊಳ್ತಿದ್ರು ಅನ್ನೋದೂ ಗುಟ್ಟೇನಲ್ಲ.

ಅನ್ಯಾಯ ಕಂಡರೆ ಸುಮ್ಮನಿರೋ ಆಸಾಮಿ ಅಲ್ಲ. 1922ರಲ್ಲಿ ಸರ್ಕಾರಿ ಹಡಗಿನಲ್ಲಿ ಯುರೋಪಿಗೆ ಹೊರಟಾಗ ಅಲ್ಲಿ ರಾಜಾರೋಷವಾಗಿ ಮದ್ಯ ಮಾರೋದು ಕಣ್ಣಿಗೆ ಬಿತ್ತು. ಜನರಿಗೊಂದು ಕಾನೂನು, ಸರ್ಕಾರಕ್ಕೊಂದಾ ಅಂತ ಅಧ್ಯಕ್ಷ ಹಾರ್ಡಿಂಗ್ ಅವರಿಗೇ ದೂರು ಬರೆದ್ರು. 1929ರ ನಂತರ ಆರ್ಥಿಕ ಕುಸಿತವೂ ಸೇರಿಕೊಂಡಿತು. ಕೆಲಸ ಕೊಟ್ಟರೆ ಹಸಿವು ನೀಗುತ್ತೆ, ತೆರಿಗೆಯೂ ಬರುತ್ತೆ ಅಂತ ಬಿಯರ್ ಪರ ವಾದ ಮುಂದುವರಿಸಿದ್ರು.

ಕೊನೆಗೆ 1933ರ ಏಪ್ರಿಲ್ 7ರಂದು ಕಡಿಮೆ ಮದ್ಯದಂಶದ ಬಿಯರ್ ಮಾರಾಟಕ್ಕೆ ಅವಕಾಶ ಸಿಕ್ತು. ಆ ಖುಷಿಗೆ ಮಕ್ಕಳು ಅಪ್ಪನಿಗೆ ಕ್ಲೈಡ್ಸ್‌ಡೇಲ್ ತಳಿಯ ದೈತ್ಯ ಕುದುರೆಗಳನ್ನು ಬಂಡಿಗೆ ಕಟ್ಟಿ ಉಡುಗೊರೆ ಕೊಟ್ರು. ಆ ಕುದುರೆಗಳೇ ಮುಂದೆ ಕಂಪನಿಯ ಗುರುತಾದವು. ಡಿಸೆಂಬರ್ 5ಕ್ಕೆ ನಿಷೇಧ ಪೂರ್ತಿ ರದ್ದಾಯ್ತು.

ಆದ್ರೆ ಗೆಲುವು ನೋಡುವಷ್ಟರಲ್ಲಿ ದೇಹ ಸೋತಿತ್ತು. ಹೃದ್ರೋಗ, ಕೀಲುಬಾಧೆಯಿಂದ ನರಳುತ್ತಿದ್ದ ಆಗಸ್ಟ್, 1934ರ ಫೆಬ್ರವರಿಯಲ್ಲಿ ತಮ್ಮ ಜೀವವನ್ನ ತಾವೇ ಕೊನೆಗೊಳಿಸಿಕೊಂಡ್ರು. ಆಗ ಅವರಿಗೆ 68 ವರ್ಷ. ಕಂಪನಿ ಹಿರಿಯ ಮಗ ಮೂರನೇ ಅಡಾಲ್ಫಸ್ ಕೈಗೆ ಹೋಯ್ತು. ಅಪ್ಪನಿಂದ ಬಂದಿದ್ದನ್ನ ಕಳೆಯದೇ ಮಗನಿಗೆ ದಾಟಿಸಿದ್ರು ಆಗಸ್ಟ್.