ಡಾ. ನಾರಾಯಣ ಸುಬ್ಬರಾವ ಹರ್ಡೀಕರ

ಧಾರವಾಡವು ವಿದ್ಯೆಗೆ ತವರೆನಿಸಿದಂತೆ ತ್ಯಾಗಕ್ಕೂ ತವರೆನಿಸಿದ ನಗರ. ಅಲ್ಲಿ 1889ನೆಯ ಇಸವಿಯ ಮೇ 7ರಂದು ಜನಿಸಿದ ನಾರಾಯಣ ಸುಬ್ಬರಾವ ಹರ್ಡೀಕರರು ರೋಗಿಯ ನಾಡಿಯನ್ನು ಹಿಡಿಯಲು ಕಲಿತು, ಮುಂದೆ ನಾಡಿನ ನಾಡಿಯನ್ನೇ ಹಿಡಿದವರು. ಹೆಸರಿನ ಸಾಮ್ಯದಿಂದ ಇವರನ್ನು ಹರ್ಡೇಕರ ಮಂಜಪ್ಪನವರೆಂದು ಭ್ರಮಿಸುವವರುಂಟು. ಬನವಾಸಿಯಲ್ಲಿ ಹುಟ್ಟಿ, 1913ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದ ಆ ಮಹನೀಯರೇ ಬೇರೆ, ಈ ವೈದ್ಯರೇ ಬೇರೆ.

ಕಲಕತ್ತೆಯಲ್ಲಿ ವೈದ್ಯವಿದ್ಯೆಯನ್ನು ಪೂರೈಸಿದ ಹರ್ಡೀಕರರು ಅದೇ 1913ರಲ್ಲಿ ಅಮೇರಿಕಕ್ಕೆ ತೆರಳಿ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿ ಉನ್ನತ ಪದವಿಯನ್ನು ಪಡೆದರು. ಆಗ ಪಂಜಾಬಕೇಸರಿ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿ ನೆಲೆಸಿ ಭಾರತದ ಸ್ವರಾಜ್ಯಕ್ಕಾಗಿ ಅಲ್ಲಿಯ ಜನಮತವನ್ನು ರೂಪಿಸುತ್ತಿದ್ದರು. ಅವರ ಹೋಮ್‌ರೂಲ್ ಲೀಗಿನ ಕಾರ್ಯಭಾರವನ್ನು ಹೊತ್ತವರಲ್ಲಿ ಧಾರವಾಡದ ಈ ತರುಣ ವೈದ್ಯರು ಪ್ರಮುಖರು. ಧನಾರ್ಜನೆಯ ದಾರಿ ತೆರೆದಿದ್ದ ದೇಶದಲ್ಲಿ ಅವರು ಅರ್ಜಿಸಿದ್ದು ಸಂಘಟನೆಯ ವಿದ್ಯೆ.

1921ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಹುಬ್ಬಳ್ಳಿ ಅವರ ಕಾರ್ಯಕ್ಷೇತ್ರವಾಯಿತು. ಅಲ್ಲಿ ತರುಣರನ್ನು ಕೂಡಿಸಿ ಸೇವಾ ಮಂಡಲವನ್ನು ಕಟ್ಟಿದರು. ಈ ಮಂಡಲದ ಕಸುವು ಒರೆಗೆ ಹತ್ತಿದ್ದು 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ. ಚರಕದ ಧ್ವಜವನ್ನು ಹಿಡಿದು ಮೆರವಣಿಗೆ ಹೊರಡುವುದನ್ನು ಸರಕಾರ ನಿಷೇಧಿಸಿತ್ತು. ದೇಶದ ನಾನಾ ಕಡೆಗಳಿಂದ ಬಂದ ಸ್ವಯಂಸೇವಕರು ಆಜ್ಞೆಯನ್ನು ಮುರಿದು ಸೆರೆಮನೆ ಸೇರಿದರು. ಸೆರೆಮನೆಯ ಕಷ್ಟ ಮಾತಿನಲ್ಲಿ ಹೇಳುವಷ್ಟು ಸುಲಭದ್ದಲ್ಲ. ಅದನ್ನು ತಾಳಲಾರದೆ ಅನೇಕರು ಕ್ಷಮಾಪತ್ರ ಬರೆದುಕೊಟ್ಟರು. ಅವರನ್ನು ಹಳಿಯುವುದು ದೂರ ಕುಳಿತವರಿಗೆ ಶೋಭಿಸದು. ಆದರೆ ಹುಬ್ಬಳ್ಳಿಯ ತರುಣರು ಬರೆಯಲಿಲ್ಲ. ಉತ್ಸಾಹವಿದ್ದೂ ಶಿಕ್ಷಣವಿಲ್ಲದ ಸ್ವಯಂಸೇವಕ ಎಲ್ಲಿ ಕುಸಿಯುತ್ತಾನೆಂಬುದನ್ನು ಕಾಂಗ್ರೆಸ್ಸಿನ ನಾಯಕರು ಆಗ ಕಂಡರು.

ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾದಳ ಜನ್ಮ ತಾಳಿತು. ಹಾದಿ ಸುಗಮವಾಗಿರಲಿಲ್ಲ. ಸಮವಸ್ತ್ರ, ಕವಾಯತು, ಶಿಸ್ತು ಇವೆಲ್ಲ ಸೈನ್ಯದ ಲಕ್ಷಣಗಳು, ಅಹಿಂಸೆಗೆ ವಿರೋಧವಾದವು ಎಂದು ಶಂಕಿಸಿದವರು ಕಾಂಗ್ರೆಸ್ಸಿನಲ್ಲಿಯೇ ಇದ್ದರು. ಶಂಕೆ ನಿರಾಧಾರವೆನ್ನಲಾಗದು, ಆದರೂ ನಾಗಪುರದ ಅನುಭವ ಹರ್ಡೀಕರರ ಪಕ್ಷದಲ್ಲಿತ್ತು. ಜವಾಹರಲಾಲ ನೆಹರೂ ಅವರ ಬೆಂಬಲವೂ ದೊರೆಯಿತು.

ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಮಹಾಧಿವೇಶನದ ಸ್ವಯಂಸೇವಕ ವ್ಯವಸ್ಥೆಗೆ ಹರ್ಡೀಕರರೇ ಆಧಾರ. ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯ ಹೊಣೆ ಹೊತ್ತಿದ್ದ ಉಮಾಬಾಯಿ ಕುಂದಾಪುರ ಅವರು ಸ್ತ್ರೀಯರನ್ನು ಕೂಡಿಸಿ ಅಲ್ಲಿ ಸೇವೆಗೆ ನಿಂತರು. ವಿಧವೆಯರು ಮನೆಯ ಹೊಸ್ತಿಲು ದಾಟುವುದೇ ಅಪರೂಪವಾಗಿದ್ದ ಕಾಲದಲ್ಲಿ ವಿಧವೆಯೊಬ್ಬರು ಸ್ತ್ರೀಸೇವಕಿಯರ ಮುಂದಾಳಾದುದು ಸಾಮಾನ್ಯ ಸಂಗತಿಯಲ್ಲ.

1931ರಲ್ಲಿ ಸೇವಾದಳ ಕಾಂಗ್ರೆಸ್ಸಿನ ಅಂಗವಾಗಿ ತನ್ನ ಸ್ವತಂತ್ರ ಅಸ್ತಿತ್ವವನ್ನು ಬಿಟ್ಟುಕೊಟ್ಟಿತು. 1932ರಲ್ಲಿ ಸರಕಾರ ಅದನ್ನು ನಿಷೇಧಿಸಿತು. ಮುಂದೆ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದರೂ ದಳದ ಮೇಲಿನದು ಬೇಗ ತೆರವಾಗಲಿಲ್ಲ. ಆಳುವವರು ಯಾವುದಕ್ಕೆ ಹೆಚ್ಚು ಅಂಜಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟೆಲ್ಲದರ ನಡುವೆ ವೈದ್ಯಧರ್ಮ ಅವರನ್ನು ಬಿಟ್ಟಿರಲಿಲ್ಲ. 1929ರಲ್ಲಿ ಡಾ. ಕೊಕಟನೂರ ಅವರೊಡಗೂಡಿ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಸ್ಥಾಪಿಸಿದರು. ಹಳ್ಳಿಗಾಡಿನ ರೋಗಿಗೆ ದೊಡ್ಡ ಊರಿನ ಚಿಕಿತ್ಸೆ ಮನೆಯ ಸಮೀಪದಲ್ಲೇ ದೊರೆಯಿತು. ಸ್ವಾತಂತ್ರ್ಯಾನಂತರ 1952ರಿಂದ 1962ರ ವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು; 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 1975ರಲ್ಲಿ ಹರ್ಡೀಕರರು ಕಾಲವಶರಾದರು. ಜನ್ಮಶತಮಾನೋತ್ಸವದ ವರ್ಷವಾದ 1989ರಲ್ಲಿ ಅಂಚೆ ಇಲಾಖೆ ಅವರ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.