ಕೋಟದ ಮನೆಬಾಗಿಲಿಗೆ ಹೋದ ಡಾಕ್ಟರು

ಉಡುಪಿಯಿಂದ ಕುಂದಾಪುರದ ಕಡೆ ಹೋಗುವಾಗ ಸಾಲಿಗ್ರಾಮ ದಾಟಿದರೆ ಕೋಟ. ಶಿವರಾಮ ಕಾರಂತರ ಹುಟ್ಟೂರು ಅಂತ ನಮಗೆಲ್ಲ ಗೊತ್ತು. ಇದೇ ಕೋಟದ ಹೆಸರು ಪ್ರಪಂಚದ ಮನೋವೈದ್ಯರಿಗೂ ಗೊತ್ತು ಎನ್ನುವುದು ನಮ್ಮಲ್ಲಿ ಅನೇಕರಿಗೆ ಹೊಸ ವಿಷಯವಾಗಬಹುದು. 1976ರಲ್ಲಿ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಪುಸ್ತಕ ಇಂಗ್ಲಿಷಿನಲ್ಲಿ ಬಂತು. ಬರೆದವರು ಇಬ್ಬರು: ಎಡಿನ್‌ಬರೋದ ಪ್ರೊಫೆಸರ್ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಅವರ ಶಿಷ್ಯ ಡಾ. ಆರ್.ಎಲ್. ಕಪೂರ್. ಹುಟ್ಟಿನಿಂದ ಪಂಜಾಬಿಯಾದ ಈ ರವಿ ಕಪೂರ್ ನಮ್ಮ ಕಾರಂತರ ಅಳಿಯ. ಕಾರಂತರ ಮಗಳು ಮಾಳವಿಕಾ ಅವರನ್ನು ಮದುವೆಯಾದವರು.

ಬರುವ ಅಕ್ಟೋಬರಿನಲ್ಲಿ ದೇಹೂ ರೋಡಿನಲ್ಲಿ ಮಾನಸಿಕ ಆರೋಗ್ಯ ಶಿಬಿರ ಮಾಡೋಣ ಎಂದು ನಮ್ಮ ಮಹಿಳಾ ವೇದಿಕೆ ನಿಶ್ಚಯಿಸಿದೆಯಷ್ಟೆ. ಅದಕ್ಕೆ ಓದುತ್ತ ಹೋದಾಗ ನನಗೆ ಸಿಕ್ಕವರು ಇವರು. ತೀರಿಕೊಂಡು ಎಷ್ಟೋ ವರ್ಷಗಳಾದವು, ಆದರೆ ಅವರು ಕೇಳಿದ ಪ್ರಶ್ನೆಗಳು ನಮ್ಮ ಶಿಬಿರಕ್ಕೆ ಈಗಲೂ ಬೇಕು.

ಆಗಿನ ಕಾಲದಲ್ಲಿ ಮನಸ್ಸಿನ ಕಾಯಿಲೆಯ ಲೆಕ್ಕ ಎಂದರೆ ಆಸ್ಪತ್ರೆಗೆ ಬಂದವರ ಲೆಕ್ಕ. ಆಸ್ಪತ್ರೆಗೆ ಬಾರದೆ ಮನೆಯ ಮೂಲೆಯಲ್ಲಿ ಕುಳಿತವರನ್ನು ಎಣಿಸುವವರು ಯಾರು? ಕಪೂರರು 1970ರ ದಶಕದ ಆರಂಭದಲ್ಲಿ ಹಳ್ಳಿಗೇ ಹೋಗಿ ಎಣಿಸಲು ಹೊರಟರು. ಆದರೆ ಎಣಿಸಲು ಅಳತೆಗೋಲು ಬೇಕಲ್ಲ! ವಿಲಾಯಿತಿಯಲ್ಲಿ ತಯಾರಾದ ಪ್ರಶ್ನೆಪಟ್ಟಿ ಇಲ್ಲಿ ನಡೆಯುವುದಿಲ್ಲ. ನಮ್ಮ ಕರಾವಳಿಯ ಹೆಂಗಸು ತಲೆಬಿಸಿ ಅಂದರೆ ಅದು ಜ್ವರವಲ್ಲ, ಚಿಂತೆ. ಪದಕ್ಕೆ ಪದ ಇಟ್ಟು ಅನುವಾದ ಮಾಡಿದವನು ಥರ್ಮಾಮೀಟರು ಹಿಡಿದುಕೊಂಡು ಬಂದಾನು! ಇಲ್ಲಿ ಮರಾಠಿ ನೆರೆಯವರು ಅಂಗಾತ್ ಆಲಂ ಅನ್ನುತ್ತಾರೆ, ನಾವು ಮೈಮೇಲೆ ಬಂತು ಅನ್ನುತ್ತೇವೆ. ಅದನ್ನು ಕಾಯಿಲೆಯ ಕಾಲಮ್ಮಿನಲ್ಲಿ ಬರೆಯಬೇಕೋ, ದೇವರ ಕಾಲಮ್ಮಿನಲ್ಲೋ?

ಹಾಗಾಗಿ ಭಾರತದ ಜನರಿಗೆಂದೇ ಅವರು ಹೊಸ ಪ್ರಶ್ನೆಪಟ್ಟಿಗಳನ್ನು ತಯಾರಿಸಿದರು. ನೂರಕ್ಕೂ ಹೆಚ್ಚು ಲಕ್ಷಣಗಳನ್ನು ಕೇಳಿ ತಿಳಿಯುವಂಥವು. ಮೊದಲ ಹಂತದ ಪ್ರಶ್ನೆಗಳನ್ನು ಡಾಕ್ಟರೇ ಕೇಳಬೇಕೆಂದಿಲ್ಲ, ತರಬೇತಿ ಪಡೆದ ಸಾಮಾನ್ಯರೂ ಕೇಳಬಹುದು. ಸಂಶಯ ಬಂದವರನ್ನು ಆಮೇಲೆ ಮನೋವೈದ್ಯರು ನೋಡುತ್ತಾರೆ. 1974ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಮಾಳವಿಕಾ ಕಪೂರರ ಹೆಸರೂ ಇದೆ. ಮನಶ್ಶಾಸ್ತ್ರಜ್ಞೆಯಾಗಿ, ಮುಂದೆ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ದೊಡ್ಡ ಹೆಸರು ಮಾಡಿದವರು ಅವರು. ಗಂಡನ ಸಾಧನೆ ಹೇಳುವಾಗ ಹೆಂಡತಿಯ ಪಾಲು ಬಿಟ್ಟುಹೋಗುವುದು ವಾಡಿಕೆ. ನಮ್ಮ ಸಂಚಿಕೆಯಲ್ಲಂತೂ ಬಿಡಬಾರದು.

ಕೋಟದಲ್ಲಿ ಅವರು ಬ್ರಾಹ್ಮಣರು, ಬಂಟರು, ಮೊಗವೀರರು ಎಂಬ ಮೂರು ಸಮುದಾಯಗಳ ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮಾತಾಡಿಸಿದರು. ಬ್ರಾಹ್ಮಣರಲ್ಲಿ ಆಸ್ತಿ ತಂದೆಯಿಂದ ಮಗನಿಗೆ. ಉಳಿದಿಬ್ಬರಲ್ಲಿ ಅಳಿಯಸಂತಾನ, ಹೆಣ್ಣಿನ ಕಡೆಯಿಂದ ಬರುವ ಮನೆತನ. 1949ರ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಆ ಕಟ್ಟು ಸಡಿಲವಾಗುತ್ತಿತ್ತು. ತಾಯಿಮನೆಯಲ್ಲಿ ಹಕ್ಕಿನಿಂದ ಇದ್ದವಳು ಗಂಡನ ಮನೆಗೆ ಹೋಗಿ ನೆಲೆಸಬೇಕಾಗಿ ಬಂದರೆ ಮನಸ್ಸಿಗೆ ಏನಾಗುತ್ತದೆ? ಬದಲಾವಣೆಗೂ ಕಾಯಿಲೆಗೂ ನಂಟು ಇದೆಯೇ? ಪುಸ್ತಕದ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು. (ಕಾರಂತರು ಕೋಟದ ಬ್ರಾಹ್ಮಣರು, ಅವರ ಪತ್ನಿ ಲೀಲಾ ಬಂಟರ ಮನೆಯವರು. ಅಂದರೆ ಅಳಿಯನ ಸಂಶೋಧನೆಯ ಎರಡು ಸಮುದಾಯಗಳು ಮಾವನ ಮನೆಯೊಳಗೇ ಇದ್ದವು!)

ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಲಕ್ಷಣ ಇದೆಯೇ ಎಂದು ಕೇಳಿ ಅವರು ಸುಮ್ಮನಾಗಲಿಲ್ಲ. ಅದರಿಂದ ದಿನದ ಕೆಲಸಕ್ಕೆ, ಮನೆಯವರ ಜತೆಯ ಬಾಳಿಗೆ ಅಡ್ಡಿಯಾಗಿದೆಯೇ, ಸಹಾಯಕ್ಕಾಗಿ ಯಾರ ಬಳಿಗಾದರೂ ಹೋಗಿದ್ದಾರೆಯೇ ಎಂದೂ ನೋಡಿದರು. ಜನ ಹೋಗುತ್ತಿದ್ದದ್ದು ವೈದ್ಯರ ಬಳಿಗೆ, ಮಂತ್ರವಾದಿಯ ಬಳಿಗೆ, ದರ್ಶನ ಬರುವ ಪಾತ್ರಿಯ ಬಳಿಗೆ, ಇಂಗ್ಲಿಷ್ ಔಷಧ ಕೊಡುವ ಡಾಕ್ಟರ ಬಳಿಗೆ. ಎಷ್ಟೋ ಸಲ ಒಬ್ಬರೇ ಎರಡು ಕಡೆ. ಓದಿದವರೂ ಇದಕ್ಕೆ ಹೊರತಲ್ಲ. ಕಪೂರರು ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಿಲ್ಲ. ಜನ ಈಗಾಗಲೇ ಯಾರನ್ನು ನಂಬಿದ್ದಾರೆ ಎಂದು ತಿಳಿಯದೆ ಹೊಸ ಯೋಜನೆ ಹಾಕುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ನಿಲುವಾಗಿತ್ತು.

1974ರ ಕೊನೆಗೆ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. 1975ರಲ್ಲಿ ಕಪೂರರು ಅಲ್ಲಿ ಮನೋವೈದ್ಯ ವಿಭಾಗದ ಮುಖ್ಯಸ್ಥರಾಗಿ ಸಮುದಾಯ ಮನೋವೈದ್ಯ ಘಟಕ ಶುರುಮಾಡಿದರು. ಬನ್ನೇರುಘಟ್ಟದ ಕಡೆಯ ಸಕಲವಾರ ಎಂಬ ಹಳ್ಳಿ ಅದರ ಪ್ರಯೋಗಶಾಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ, ಮೂರ್ಛೆರೋಗ ಗುರುತಿಸಲು ಕಲಿಸಿದರು. ಕಲಿಸಿ ಬಿಡಲಿಲ್ಲ, ಕಲಿತರೇ ಇಲ್ಲವೇ ಎಂದು ಅಳೆದರು. 1980ರಲ್ಲಿ ಡಾ. ಮೋಹನ್ ಐಸಾಕ್ ಜತೆ ಪ್ರಕಟಿಸಿದ ಅಧ್ಯಯನವಂತೂ ಅಪ್ಪಟ ಗೃಹಿಣಿಯ ಲೆಕ್ಕ: ಕಾಯಿಲೆಯವರನ್ನು ಹುಡುಕುವ ಮೂರು ದಾರಿಗಳಲ್ಲಿ ಯಾವುದಕ್ಕೆ ಎಷ್ಟು ಖರ್ಚು, ಎಷ್ಟು ಜನ ಸಿಕ್ಕರು ಎಂದು ಹೋಲಿಸಿ ನೋಡಿದ್ದು. ಬಡ ದೇಶದಲ್ಲಿ ಈ ಲೆಕ್ಕ ಹಾಕದೆ ಒಳ್ಳೆಯ ಕೆಲಸವೂ ಮುಂದೆ ಹೋಗದು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಆಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ನಡೆಯಿತು, 1996ರಿಂದ ಅದೇ ಮಾದರಿ ಬೇರೆ ಜಿಲ್ಲೆಗಳಿಗೆ ಹೋಯಿತು. ತಾವೇ ಬುನಾದಿ ಹಾಕಿದ ಕೆಲಸ ಎಂದು ಕಪೂರರು ಸುಮ್ಮನೆ ಹೊಗಳುತ್ತ ಕೂರಲಿಲ್ಲ. ಮೇಲಿನಿಂದ ಇಳಿಸಿದ ಯೋಜನೆಯಲ್ಲಿ ಜನರೇ ಇಲ್ಲ ಎಂದು ಮುಂದೆ ಟೀಕಿಸಿದವರಲ್ಲಿ ಅವರೂ ಒಬ್ಬರು. ಈ ನಿಷ್ಠುರತೆ ನನಗೆ ಕಾರಂತರ ಮನೆಯ ಗುಣದಂತೆಯೇ ಕಾಣುತ್ತದೆ.

ಆಮೇಲಿನ ಬದುಕು ಬೇರೆ ದಾರಿ ಹಿಡಿಯಿತು. ನಿಮ್ಹಾನ್ಸ್ ಬಿಟ್ಟು ಗುರುವೊಬ್ಬರಲ್ಲಿ ಯೋಗ ಕಲಿತರು, ರಾಜಾ ರಾಮಣ್ಣನವರು ಕಟ್ಟಿದ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡಿದರು, ಹಿಮಾಲಯದಲ್ಲಿ ಸಾಧುಗಳ ಜತೆ ಕುಳಿತು ಮಾತಾಡಿದರು. 2006ರಲ್ಲಿ ತೀರಿಕೊಂಡರು. ಸಾಧುಗಳ ಕುರಿತ ಪುಸ್ತಕ ಹೊರಬಂದದ್ದು 2009ರಲ್ಲಿ.

ನಮ್ಮ ಶಿಬಿರಕ್ಕೆ ಅಕ್ಟೋಬರ್ 10 ಗೊತ್ತುಮಾಡಿದ್ದೇವೆ. ಅದು ವಿಶ್ವ ಮಾನಸಿಕ ಆರೋಗ್ಯ ದಿನ, ಕಾಕತಾಳೀಯವಾಗಿ ಕಾರಂತರ ಹುಟ್ಟುಹಬ್ಬವೂ ಹೌದು. ಬಂದವರ ಸಂಖ್ಯೆ, ಫೋಟೋ ಇದ್ದೇ ಇರುತ್ತವೆ. ಅದರ ಜತೆಗೆ ಕನ್ನಡ, ಮರಾಠಿ ಎರಡರಲ್ಲೂ ಒಂದು ಪುಟದ ಪಟ್ಟಿ ಮಾಡುತ್ತಿದ್ದೇನೆ: ನಿದ್ದೆ ಹೇಗಿದೆ, ಮನೆಗೆಲಸ ಸಾಗುತ್ತಿದೆಯೇ, ಇಲ್ಲಿಯವರೆಗೆ ಯಾರ ಬಳಿ ಹೇಳಿಕೊಂಡಿದ್ದೀರಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಅದರಲ್ಲಿ ಇರುತ್ತದೆ. ಆರು ತಿಂಗಳ ಮೇಲೆ, ಒಪ್ಪಿದವರ ಮನೆಗೆ ಹೋಗಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಅದಕ್ಕೆ ನಾಲ್ಕು ಮಂದಿ ಬೇಕಾಗಿದ್ದಾರೆ, ಮರಾಠಿ ಚೆನ್ನಾಗಿ ಬರುವವರಾದರೆ ಒಳ್ಳೆಯದು.